ಫೈಲಿನ ಮೇಲೊಂದು ಟವೆಲು

ಕಾಲೇಜಿನಲ್ಲಿ ಒಬ್ಬ ಮನುಷ್ಯನಿಗೆ ‘ಕಂಪ್ಯೂಟರ್ ಗೊತ್ತಿರೋರು’ ಅನ್ನುವ ಹೆಸರು ಒಮ್ಮೆ ಅಂಟಿತೆಂದರೆ, ನಿವೃತ್ತಿಯ ದಿನ ಶಾಲು ಹೊದಿಸಿ ಏಲಕ್ಕಿ ಹಾರ ಹಾಕುವವರೆಗೂ ಅದು ಬಿಡುವುದಿಲ್ಲ. ನಾನು ಪಾಠ ಹೇಳುವುದು ಭೌತಶಾಸ್ತ್ರ. ಬಹಳ ಹಿಂದೆ ಪ್ರಿಂಟರಿನೊಳಗೆ ಸಿಕ್ಕಿಕೊಂಡ ಕಾಗದವನ್ನು ಹರಿಯದ ಹಾಗೆ ಎಳೆದು ತೆಗೆದದ್ದನ್ನು ಅಂದಿನ ಪ್ರಿನ್ಸಿಪಾಲರು ಕಣ್ಣಾರೆ ಕಂಡುಬಿಟ್ಟರು. ತಡವಿಲ್ಲದೆ ಆಫೀಸ್ ಆರ್ಡರ್ ಬಂತು: ‘ಸಿಸ್ಟಮ್ ಇನ್‌ಚಾರ್ಜ್’. ಸಂಬಳಕ್ಕೇನೂ ಸೇರಲಿಲ್ಲ, ಮೊಬೈಲಿಗೆ ಕರೆಗಳು ಸೇರಿದವು. ಮದುವೆಮನೆಯಲ್ಲಿ ಎರಡನೆಯ ಸಲ ಒಬ್ಬಟ್ಟು ಬಡಿಸುವವನು ನನ್ನ ಎಲೆಯ ಮುಂದೆ ಬಗ್ಗುವ ಹೊತ್ತಿಗೇ ಸರಿಯಾಗಿ ಫೋನು. ‘ಸಾರ್, ಓಪನ್ ಆಗ್ತಿಲ್ಲ.’ ಏನು ಓಪನ್ ಆಗ್ತಿಲ್ಲ ಎಂದರೆ, ‘ಎಲ್ಲಾದೂ ಸಾರ್.’ ನನ್ನ ಹೆಂಡತಿ ಈಗೀಗ ಮೊದಲನೆಯ ಸಲವೇ ಎರಡು ಹಾಕಿಸಿಬಿಡುತ್ತಾಳೆ.

ನಮ್ಮದು ಸಣ್ಣ ಊರಿನ ಕಾಲೇಜು. ಲೈಸೆನ್ಸಿಗೆ ದುಡ್ಡು ಕೊಡುವ ಯೋಗ್ಯತೆ ಇಲ್ಲದ್ದರಿಂದ ಎಲ್ಲ ಕಂಪ್ಯೂಟರುಗಳಲ್ಲೂ ಲಿನಕ್ಸು, ಅದರ ಮೇಲೆ ಲಿಬ್ರೆಆಫೀಸು. ಹೊರಗಿನವರು ಬಂದಾಗ ಮಾತ್ರ ‘ನಾವು ಮುಕ್ತ ತಂತ್ರಾಂಶದ ಪರ’ ಎನ್ನುತ್ತೇವೆ. ಯಾರು ಎಲ್ಲಿ ಕೂತರೂ ಅವರವರ ಫೈಲು ಸಿಗಬೇಕೆಂದು ಎಲ್ಲವನ್ನೂ ಒಂದೇ ಸರ್ವರಿನಲ್ಲಿ ಇಟ್ಟಿದೆ. ಸರ್ವರ್ ರೂಮು ಹಿಂದೆ ಕ್ರೀಡಾ ಸಾಮಗ್ರಿಯ ಕೋಣೆಯಾಗಿತ್ತು. ಒಂದು ಜಾವೆಲಿನ್ ಇಂದಿಗೂ ಮೂಲೆಗೆ ಒರಗಿ ನಿಂತಿದೆ. ಕೀಬೋರ್ಡಿನ ಸಂದಿಯಲ್ಲಿ ಎಷ್ಟು ಊದಿದರೂ ಕೇರಂ ಪೌಡರು ಮುಗಿಯುವುದಿಲ್ಲ. ಕಿಟಕಿ ತೆರೆದರೆ ಅದೇ ನಮ್ಮ ಏರ್ ಕಂಡೀಷನರು.

ಈ ಏರ್ಪಾಡಿನ ಹೆಸರು ನೆಟ್‌ವರ್ಕ್ ಫೈಲ್ ಸಿಸ್ಟಮ್, ಚಿಕ್ಕದಾಗಿ ಎನ್‌ಎಫ್‌ಎಸ್. 1984ರ ಸುಮಾರಿಗೆ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ಕಟ್ಟಿದ್ದು. ಇನ್ನೆಲ್ಲೋ ಇರುವ ಡಿಸ್ಕನ್ನು ಇಲ್ಲೇ ಇದೆಯೆಂದು ನಿಮ್ಮನ್ನು ನಂಬಿಸುವುದೇ ಅದರ ಕಸುಬು. ಸನ್ ಕಂಪನಿಯನ್ನು 2010ರಲ್ಲಿ ಒರೇಕಲ್ ಕೊಂಡುಕೊಂಡಿತು, ಹೆಸರೇ ಅಳಿಸಿಹೋಯಿತು. ಎನ್‌ಎಫ್‌ಎಸ್ ಮಾತ್ರ ನಮ್ಮ ಕೇರಂ ಕೋಣೆಯಲ್ಲಿ ಈಗಲೂ ದುಡಿಯುತ್ತಿದೆ.

ಇಂಟರ್ನಲ್ ಮಾರ್ಕ್ಸು ಕಳಿಸುವ ಗಡುವು ಹತ್ತಿರ ಬಂದಿದ್ದ ಒಂದು ಮಧ್ಯಾಹ್ನ ಗುಡುಗು ಬಂತು, ಮಳೆ ಬಂತು, ಕರೆಂಟು ಹೋಯಿತು. ಹೋಗುವುದು ಹೊಸದಲ್ಲ. ಆದರೆ ಅಲ್ಲಿಯತನಕ ನಿಷ್ಠೆಯಿಂದಿದ್ದ ಯುಪಿಎಸ್ಸು ಆವತ್ತೇ ಮೊದಲ ಬಾರಿಗೆ ‘ಕೀಂ’ ಎಂದು ಒಮ್ಮೆ ಕೂಗಿ ಕೈಚೆಲ್ಲಿತು. ಕರೆಂಟು ಬಂದ ಮೇಲೆ ಎಲ್ಲ ಯಂತ್ರಗಳೂ ಎದ್ದವು. ಎದ್ದ ಸ್ವಲ್ಪ ಹೊತ್ತಿಗೆ ಸೂಪರಿಂಟೆಂಡೆಂಟ್ ಮೇಡಂ ಸ್ಟಾಫ್ ರೂಮಿಗೇ ಬಂದರು. ಅವರು ಕುರ್ಚಿ ಬಿಟ್ಟು ಬರಬೇಕಾದರೆ ವಿಷಯ ದೊಡ್ಡದೇ ಇರಬೇಕು.

‘ಸಾರ್, ಮಾರ್ಕ್ಸ್ ಫೈಲ್ ಒಳಗೆ ಯಾರೋ ಕೂತಿದ್ದಾರೆ.’

‘ಯಾರು ಮೇಡಂ?’

‘ಅದನ್ನೇ ಹೇಳ್ತಿಲ್ಲ. ಅನ್‌ನೋನ್ ಯೂಸರ್ ಅಂತ ಬರೆದಿದೆ. ಅನ್‌ನೋನ್ ಅಂದ್ರೆ ಹ್ಯಾಕರೇ ಅಲ್ವಾ ಸಾರ್? ಪೇಪರಲ್ಲಿ ಬರ್ತಾ ಇರುತ್ತಲ್ಲ.’

ನಾನು ಹೋಗುವಷ್ಟರಲ್ಲಿ ಅಟೆಂಡರನ್ನು ಹಿಂದಿನ ಗೇಟಿನ ಹತ್ತಿರ ಯಾರಾದರೂ ಅಪರಿಚಿತರು ಇದ್ದಾರೆಯೇ ನೋಡಿ ಬಾ ಎಂದು ಕಳಿಸಿಯಾಗಿತ್ತು. ಅವನು ಹಸುವೊಂದನ್ನು ಓಡಿಸಿ ವಾಪಸು ಬಂದ.

ಪರದೆಯ ಮೇಲೆ ಇದ್ದದ್ದು ಲಿಬ್ರೆಆಫೀಸಿನ ಮಾಮೂಲು ಮಾತು: ಈ ಫೈಲನ್ನು ಇನ್ನೊಬ್ಬರು ತಿದ್ದುತ್ತಿದ್ದಾರೆ, ನೀವು ಬೇಕಾದರೆ ಓದಿಕೊಳ್ಳಿ, ಇಲ್ಲವೆ ಪ್ರತಿ ಮಾಡಿಕೊಳ್ಳಿ. ಲಿಬ್ರೆಆಫೀಸು ಒಂದು ಫೈಲನ್ನು ತೆರೆದಾಗ ಅದರ ಪಕ್ಕದಲ್ಲೇ ಇನ್ನೊಂದು ಚಿಕ್ಕ ಫೈಲು ಬರೆದಿಡುತ್ತದೆ. ಚುಕ್ಕಿಯಿಂದ ಶುರುವಾಗುವ ಹೆಸರಾದ್ದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತೆರೆದು ನೋಡಿದರೆ ಒಂದೇ ಸಾಲು. ತೆರೆದವರ ಹೆಸರು, ಕಂಪ್ಯೂಟರಿನ ಹೆಸರು, ತಾರೀಖು, ವೇಳೆ, ನಡುನಡುವೆ ಅಲ್ಪವಿರಾಮ. ಹೆಸರು ಎಲ್ಲಿಂದ ಬರಬೇಕು? ಲಿಬ್ರೆಆಫೀಸಿನ ಆಯ್ಕೆಗಳಲ್ಲಿ ನಾವು ನಮ್ಮ ಹೆಸರು ತುಂಬಿದ್ದರೆ ಅಲ್ಲಿಂದ. ನಮ್ಮ ಕಾಲೇಜಿನಲ್ಲಿ ಅದನ್ನು ತುಂಬಿದ ಪುಣ್ಯಾತ್ಮರು ಯಾರೂ ಇಲ್ಲ. ಹಾಗಾಗಿ ನಾವೆಲ್ಲರೂ ಅನ್‌ನೋನ್ ಯೂಸರುಗಳೇ. ಕಂಪ್ಯೂಟರಿನ ಹೆಸರು ಮಾತ್ರ ಸುಳ್ಳು ಹೇಳಲಿಲ್ಲ: ಕೆಮಿಸ್ಟ್ರಿ ಲ್ಯಾಬಿನದು. ಅಲ್ಲಿ ಕೂತು ಅಂಕ ತುಂಬುತ್ತಿದ್ದ ನಮ್ಮ ಮೇಷ್ಟ್ರು ಕರೆಂಟು ಹೋದೊಡನೆ ಛತ್ರಿ ಬಿಡಿಸಿಕೊಂಡು ಮನೆಗೆ ನಡೆದಿದ್ದರು. ಹ್ಯಾಕರು ಆ ಹೊತ್ತಿಗೆ ಬಿಸಿ ಕಾಫಿ ಕುಡಿಯುತ್ತಿದ್ದ.

ಮೇಡಂಗೆ ಇದನ್ನು ಹೇಗೆ ವಿವರಿಸುವುದು ಎಂದು ಯೋಚಿಸುತ್ತಿದ್ದಾಗ ನನಗೆ ಸಂತೆ ದಿನದ ಕೆಂಪು ಬಸ್ಸು ಒದಗಿ ಬಂತು. ನಿಮಗೂ ಗೊತ್ತಲ್ಲ, ಬಸ್ಸು ಸ್ಟ್ಯಾಂಡಿಗೆ ಪೂರ್ತಿ ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು ತೂರಿ ಸೀಟು ಹಿಡಿಯುವ ವಿದ್ಯೆ. ಟವೆಲಿಗೆ ಕಾನೂನಿನ ಬಲ ಇಲ್ಲ, ಟಿಕೆಟ್ಟಿನ ಆಧಾರ ಇಲ್ಲ. ಆದರೂ ಟವೆಲು ಬಿದ್ದ ಸೀಟಿನಲ್ಲಿ ಮರ್ಯಾದಸ್ಥರು ಕೂರುವುದಿಲ್ಲ. ‘ಯಾರೋ ಹಾಕಿದ್ದಾರೆ’ ಎಂದು ಮುಂದಕ್ಕೆ ಹೋಗುತ್ತಾರೆ. ಟವೆಲು ಸರಿಸಿ ಕೂತುಬಿಡುವವನು ಒಬ್ಬ ಬಂದನೋ, ಮುಗಿಯಿತು. ಟವೆಲಿಗೆ ಅವನನ್ನು ಎಬ್ಬಿಸುವ ತಾಕತ್ತಿಲ್ಲ. ಲಿನಕ್ಸಿನ ಫೈಲ್ ಲಾಕೂ ಇಷ್ಟೇ. ಕೇಳಿ ಬರೆಯುವ ಪ್ರೋಗ್ರಾಮುಗಳ ನಡುವಿನ ಮರ್ಯಾದೆಯ ಒಪ್ಪಂದ ಅದು. ಕೇಳದೆ ಬರೆಯುವವನ ಕೈಯನ್ನು ಅದು ಹಿಡಿಯುವುದಿಲ್ಲ. ಹಿಡಿಯುವಂಥ ಕಡ್ಡಾಯದ ಲಾಕೂ ಲಿನಕ್ಸಿನಲ್ಲಿ ಬಹುಕಾಲ ಇತ್ತು. ಬಳಸುವವರೇ ಇಲ್ಲವೆಂದು 2021ರಲ್ಲಿ, 5.15ನೆಯ ಆವೃತ್ತಿಯಲ್ಲಿ, ಅದನ್ನು ಕಿತ್ತುಹಾಕಿದರು.

‘ಹಾಗಾದ್ರೆ ಟವೆಲ್ ತೆಗೀರಿ ಸಾರ್’ ಎಂದರು ಮೇಡಂ. ಅರ್ಥವಾಗಿತ್ತು.

ತೆಗೆದೆ. ಅಂದರೆ ಆ ಚಿಕ್ಕ ಫೈಲನ್ನು ಅಳಿಸಿದೆ. ಮಾರ್ಕ್ಸ್ ಶೀಟನ್ನು ಮತ್ತೆ ಕ್ಲಿಕ್ಕಿಸಿದೆವು. ಈ ಸಲ ಬೈಗುಳವೂ ಇಲ್ಲ, ಶೀಟೂ ಇಲ್ಲ. ಚಕ್ರವೊಂದು ತಿರುಗತೊಡಗಿತು, ತಿರುಗುತ್ತಲೇ ಇತ್ತು. ನನ್ನ ಹಿಂದೆ ನಾಲ್ಕಾರು ಮಂದಿ ಸೇರಿದರು. ಕಂಪ್ಯೂಟರು ಕೆಟ್ಟಾಗ ಹಿಂದೆ ನಿಂತವರೆಲ್ಲ ಒಂದೊಂದು ಸಲಹೆ ಕೊಡುವುದು ಲೋಕರೂಢಿ. ‘ರೀಸ್ಟಾರ್ಟ್ ಮಾಡಿ ನೋಡಿ’ ಎಂದರು ಕನ್ನಡದವರು. ‘ವೈರಸ್ ಇರಬಹುದು’ ಎಂದರು ವಾಣಿಜ್ಯದವರು. ಲೈಬ್ರರಿಯನ್ನರು ಮಾತ್ರ ಏನೂ ಹೇಳದೆ ಪ್ಲಗ್ಗನ್ನು ಒತ್ತಿ ನೋಡಿ ಹೋದರು. ನನಗೆ ಅವರ ಮೇಲೆ ಅಂದಿನಿಂದ ಗೌರವ ಹೆಚ್ಚಿದೆ.

ಫೈಲುಗಳ ಪಟ್ಟಿ ಕೇಳಿದರೆ ಸರ್ವರು ಕೊಡುತ್ತಿತ್ತು. ಓದಲು ಕೇಳಿದರೆ ಓದಿಸುತ್ತಿತ್ತು. ಹೊಸ ಫೈಲು ಬರೆದರೆ ಬರೆಯಿಸಿಕೊಳ್ಳುತ್ತಿತ್ತು. ಲಾಕು ಕೇಳಿದರೆ ಮಾತ್ರ ಮೌನ. ಇದನ್ನು ಖಚಿತ ಮಾಡಿಕೊಳ್ಳಲು ಎಫ್‌ಲಾಕ್ ಎಂಬ ಪುಟ್ಟ ಕಮಾಂಡು ಇದೆ. ಒಂದು ಫೈಲಿನ ಹೆಸರನ್ನೂ ಜೊತೆಗೊಂದು ಕಮಾಂಡನ್ನೂ ಕೊಟ್ಟರೆ ಫೈಲಿಗೆ ಲಾಕು ಹಾಕಲು ಯತ್ನಿಸುತ್ತದೆ, ಲಾಕು ಸಿಕ್ಕರೆ ಆ ಕಮಾಂಡನ್ನು ಓಡಿಸುತ್ತದೆ. ಎಫ್‌ಲಾಕ್ ಕೂಡ ಕೂತಲ್ಲೇ ಕೂತಿತು. ನಿಮಗೂ ಎಂದಾದರೂ ಈ ಗ್ರಹಚಾರ ಬಂದರೆ ಲಿಬ್ರೆಆಫೀಸನ್ನು ಬಯ್ಯುವ ಮುಂಚೆ ಈ ಪರೀಕ್ಷೆ ಮಾಡಿ. ತಪ್ಪು ಮೇಲಿನ ಪ್ರೋಗ್ರಾಮಿನದೋ, ಕೆಳಗಿನ ಸರ್ವರಿನದೋ ಕ್ಷಣದಲ್ಲಿ ತಿಳಿಯುತ್ತದೆ. ಲಿನಕ್ಸಿನ ತಿರುಳಾದ ಕರ್ನೆಲ್ಲಿನ ದಿನಚರಿಯಲ್ಲಿ ಒಂದು ಸಾಲು ಕಾಯುತ್ತಿತ್ತು: ಲಾಕ್‌ಡಿ, ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್. ಉತ್ತರ ಬರುತ್ತಿಲ್ಲ, ಆದರೂ ಕೇಳುತ್ತಲೇ ಇದ್ದೇನೆ. ಇದಕ್ಕಿಂತ ವಿನಯವಂತ ದೋಷಸಂದೇಶವನ್ನು ನಾನು ಕಂಡಿಲ್ಲ.

ಒಂದೇ ಸರ್ವರು ಓದುಬರಹಕ್ಕೆ ಉತ್ತರ ಕೊಟ್ಟು, ಲಾಕಿಗೆ ಮಾತ್ರ ಕಿವುಡಾಗುವುದು ಹೇಗೆ? ಇದಕ್ಕೆ ಸನ್ ಕಂಪನಿಯ ಕಾಲಕ್ಕೆ ಹೋಗಬೇಕು. ಎನ್‌ಎಫ್‌ಎಸ್ ಕಟ್ಟಿದವರು ಒಂದು ಜಾಣ ನಿರ್ಧಾರ ಮಾಡಿದ್ದರು: ಸರ್ವರು ಯಾರನ್ನೂ ನೆನಪಿಟ್ಟುಕೊಳ್ಳಬಾರದು. ಪ್ರತಿ ಕೋರಿಕೆಯಲ್ಲೂ ಇಂಥ ಫೈಲು, ಇಷ್ಟನೆಯ ಅಕ್ಷರದಿಂದ, ಇಷ್ಟು ಅಕ್ಷರ ಎಂದು ಪೂರ್ತಿ ವಿವರ ಇರಬೇಕು. ಸರ್ವರು ಕೊಡಬೇಕು, ಮರೆಯಬೇಕು. ಇದರ ಲಾಭ ದೊಡ್ಡದು. ಸರ್ವರು ನಡುವೆ ಸತ್ತು ಮತ್ತೆ ಎದ್ದರೂ ಅದಕ್ಕೆ ಕಳೆದುಕೊಳ್ಳಲು ನೆನಪೇ ಇರುವುದಿಲ್ಲ. ಕೇಳುವವನು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರಾಯಿತು. ನಿರ್ಮಮತ್ವ ಅಂದರೆ ಇದೇ. ಆದರೆ ಲಾಕು ಎಂಬುದು ನೆನಪೇ ತಾನೆ? ಇಂಥವರು ಹಿಡಿದಿದ್ದಾರೆ ಎಂಬುದನ್ನು ಮರೆತರೆ ಲಾಕು ಎಲ್ಲಿ ಉಳಿಯಿತು? ಹೀಗಾಗಿ ಲಾಕಿನ ವ್ಯವಹಾರವನ್ನು ಎನ್‌ಎಫ್‌ಎಸ್‌ನ ಒಳಗೆ ಸೇರಿಸದೆ ಹೊರಗಿಟ್ಟರು, ಅದಕ್ಕೆ ಬೇರೆಯೇ ಇಬ್ಬರು ಗುಮಾಸ್ತರನ್ನು ನೇಮಿಸಿದರು. ಒಬ್ಬನ ಹೆಸರು ಲಾಕ್‌ಡಿ, ಲಾಕು ಕೊಡುವವನು. ಇನ್ನೊಬ್ಬ ಸ್ಟ್ಯಾಟ್‌ಡಿ. ಲಾಕು ಹಿಡಿದವರ ಯಂತ್ರ ಸತ್ತು ಎದ್ದಿತೇ ಎಂದು ತಿಳಿದುಕೊಂಡು ಹೇಳುವವನು. ಎನ್‌ಎಫ್‌ಎಸ್‌ನ ಎರಡನೆಯ, ಮೂರನೆಯ ಆವೃತ್ತಿಗಳು ಇದೇ ಏರ್ಪಾಡಿನಲ್ಲಿ ನಡೆದವು. ನಮ್ಮ ಕೇರಂ ಕೋಣೆಯಲ್ಲಿ ಇದ್ದದ್ದು 1995ರಲ್ಲಿ ಪ್ರಕಟವಾದ ಮೂರನೆಯದು.

ಈ ಇಬ್ಬರಿಗೆ ಒಂದು ಕೆಟ್ಟ ಚಾಳಿ. ಎನ್‌ಎಫ್‌ಎಸ್ ಸದಾ 2049ನೆಯ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಲ್ಲಿ, ಸಿಗುತ್ತದೆ. ಯಾರು ಎಲ್ಲಿದ್ದಾರೆಂದು ಹೇಳುವ ಪೋರ್ಟ್‌ಮ್ಯಾಪರು 111ರಲ್ಲಿ ಖಾಯಂ. ಲಾಕ್‌ಡಿ, ಸ್ಟ್ಯಾಟ್‌ಡಿಗಳು ಮಾತ್ರ ನಾವು ಕಟ್ಟಿಹಾಕದಿದ್ದರೆ ಪ್ರತಿ ಸಲ ಎದ್ದಾಗಲೂ ಖಾಲಿ ಇರುವ ಯಾವುದೋ ಪೋರ್ಟಿಗೆ ಹೋಗಿ ಕೂರುತ್ತವೆ. ನಮ್ಮ ಸರ್ವರನ್ನು ಕೂರಿಸಿದ ಮಹಾನುಭಾವರು ಅವತ್ತು ಆ ಎರಡೂ ಎಲ್ಲಿದ್ದವೋ ನೋಡಿ, ಅಷ್ಟೇ ಪೋರ್ಟುಗಳನ್ನು ಫೈರ್‌ವಾಲಿನಲ್ಲಿ ತೆರೆದು, ಚೆಕ್ಕು ಇಸಿದುಕೊಂಡು ಹೋಗಿದ್ದರು. ಯುಪಿಎಸ್ಸು ಗಟ್ಟಿಯಿದ್ದಷ್ಟು ಕಾಲ ಸರ್ವರು ಮಲಗಲೂ ಇಲ್ಲ, ಏಳಲೂ ಇಲ್ಲ, ತೊಂದರೆಯೂ ಕಾಣಲಿಲ್ಲ. ಆವತ್ತು ಮಳೆಯ ಪ್ರಸಾದದಿಂದ ಅದು ಹೊಸದಾಗಿ ಎದ್ದಾಗ ಲಾಕ್‌ಡಿ ಬೇರೆ ಪೋರ್ಟಿಗೆ ಮನೆ ಬದಲಿಸಿತ್ತು. ಪೋರ್ಟ್‌ಮ್ಯಾಪರು ಪ್ರಾಮಾಣಿಕವಾಗಿ ಹೊಸ ವಿಳಾಸ ಕೊಡುತ್ತಿತ್ತು, ಫೈರ್‌ವಾಲು ಅಷ್ಟೇ ಪ್ರಾಮಾಣಿಕವಾಗಿ ಬಾಗಿಲಲ್ಲಿ ತಡೆಯುತ್ತಿತ್ತು. ಇಬ್ಬರೂ ಕರ್ತವ್ಯ ಮಾಡುತ್ತಿದ್ದರು. ಮಾರ್ಕ್ಸ್ ಶೀಟು ಮಾತ್ರ ತೆರೆಯುತ್ತಿರಲಿಲ್ಲ. ಸರಕಾರಿ ಕಚೇರಿಗಳನ್ನು ಕಂಡ ಯಾರಿಗೂ ಇದು ಅಚ್ಚರಿಯಲ್ಲ.

ಆರ್‌ಪಿಸಿಇನ್ಫೋ ಎಂಬ ಕಮಾಂಡು ಕೊಟ್ಟರೆ ಯಾವ ಸೇವೆ ಯಾವ ಪೋರ್ಟಿನಲ್ಲಿದೆ ಎಂಬ ಪಟ್ಟಿ ಬರುತ್ತದೆ. 100003 ಎಂಬ ಸಾಲು ಎನ್‌ಎಫ್‌ಎಸ್‌ನದು, 100021 ಲಾಕಿನದು, 100024 ಸ್ಟ್ಯಾಟ್‌ಡಿಯದು. ಮೂರನ್ನೂ ಫೈರ್‌ವಾಲಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದಾಗ ಕಥೆ ಬಿಚ್ಚಿಕೊಂಡಿತು. ಮದ್ದು ಸರಳ. ಸೆಟ್ಟಿಂಗಿನ ಫೈಲಿನಲ್ಲಿ ಇಬ್ಬರು ಗುಮಾಸ್ತರಿಗೂ ಖಾಯಂ ಪೋರ್ಟು ಬರೆದುಕೊಡುವುದು: ಲಾಕ್‌ಡಿಗೆ ಟಿಸಿಪಿಯಲ್ಲಿ 32803, ಯುಡಿಪಿಯಲ್ಲಿ 32769, ಸ್ಟ್ಯಾಟ್‌ಡಿಗೆ 662. ಲಿನಕ್ಸ್ ಕಂಪನಿಯಾದ ರೆಡ್ ಹ್ಯಾಟಿನವರು ಮಾದರಿಯಾಗಿ ಬರೆದಿಟ್ಟಿದ್ದ ಸಂಖ್ಯೆಗಳೇ ಇವು. ನಮ್ಮ ಸ್ವಂತ ಪ್ರತಿಭೆ ಏನೂ ಇಲ್ಲ. ಇವನ್ನು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಜಾವೆಲಿನ್‌ಗೆ ಕಟ್ಟಿದ್ದೇನೆ. ಯಾರೋ ವಿದ್ಯಾರ್ಥಿ ಅದನ್ನು ಹಳೆಯ ಎಸೆತದ ದಾಖಲೆ ಎಂದುಕೊಂಡು ಬೆರಗಾದನಂತೆ.

ಮಾರ್ಕ್ಸ್ ಶೀಟು ತೆರೆಯಿತು. ಮೇಡಂ ನನಗೆಂದು ಕ್ಯಾಂಟೀನಿನಿಂದ ಬೈಟು ಕಾಫಿ ತರಿಸಿದರು, ಬೈಟುವಿನ ಇನ್ನೊಂದು ಪಾಲು ಅವರದು.

ಆದರೆ ಲೈಬ್ರರಿಯ ಕಂಪ್ಯೂಟರಿನ ರಗಳೆ ಬೇರೆಯೇ ಇತ್ತು. ಅದು ಕಾಯುತ್ತಿರಲಿಲ್ಲ, ‘ನೋ ಲಾಕ್ಸ್ ಅವೈಲಬಲ್’ ಎಂದು ಮುಖಕ್ಕೆ ಹೇಳುತ್ತಿತ್ತು. ಓದಿದವರಿಗೆ ಲಾಕುಗಳು ಖರ್ಚಾಗಿವೆ, ಮುಂದಿನ ವಾರ ಸ್ಟಾಕು ಬರುತ್ತದೆ ಅನ್ನಿಸುವ ಮಾತು. ಖರ್ಚಾಗಿರುವುದಿಲ್ಲ. ಬಹುಪಾಲು ಸಂದರ್ಭದಲ್ಲಿ ಅದರ ಒಳ ಅರ್ಥ, ಎರಡನೆಯ ಗುಮಾಸ್ತ, ಅಂದರೆ ಸ್ಟ್ಯಾಟ್‌ಡಿ, ಡ್ಯೂಟಿಗೆ ಬಂದಿಲ್ಲ ಎಂದು. ಹಿಡಿದವನ ಯೋಗಕ್ಷೇಮ ನೋಡುವವನಿಲ್ಲದಿದ್ದರೆ ಲಾಕು ಕೊಡಲು ಬರುವುದಿಲ್ಲ. ಅಲ್ಲಿ ಸ್ಟ್ಯಾಟ್‌ಡಿ ಎದ್ದಿರಲಿಲ್ಲ. ಎಬ್ಬಿಸಿದೆ, ಸರಿಹೋಯಿತು. ಇಷ್ಟಕ್ಕೇ ಮುಗಿಯುವ ವಿಷಯ. ಆದರೆ ಇಲ್ಲೊಂದು ಪ್ರಲೋಭನೆ ಕಾದು ಕೂತಿರುತ್ತದೆ, ಅದನ್ನು ಹೇಳದೆ ಮುಂದೆ ಹೋಗಲಾರೆ.

ಸ್ಟ್ಯಾಟ್‌ಡಿ ಇಲ್ಲದಾಗ ಡಿಸ್ಕನ್ನು ಜೋಡಿಸಲು ಹೋದರೆ ಲಿನಕ್ಸೇ ಒಂದು ಉಪಾಯ ಹೇಳಿಕೊಡುತ್ತದೆ: ಸ್ಟ್ಯಾಟ್‌ಡಿಯನ್ನು ಶುರು ಮಾಡಿ, ಇಲ್ಲವಾದರೆ ‘ನೋಲಾಕ್’ ಎಂಬ ಆಯ್ಕೆ ಹಾಕಿ, ಲಾಕುಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಫೋನಿನಲ್ಲಿ, ‘ನೋಲಾಕ್ ಹಾಕಿ ಬಿಸಾಕಿ ಸಾರ್, ಎಲ್ಲ ಓಡುತ್ತೆ’ ಎಂದ. ಓಡುವುದೇನೋ ನಿಜ. ಲಾಕು ಕೇಳಿದ ಪ್ರೋಗ್ರಾಮುಗಳಿಗೆಲ್ಲ ತಕ್ಷಣ ಲಾಕು ಸಿಗುತ್ತದೆ, ಯಾವ ದೂರೂ ಬರುವುದಿಲ್ಲ. ಏಕೆಂದರೆ ಆ ಲಾಕಿನ ಸುದ್ದಿ ಆ ಒಂದು ಕಂಪ್ಯೂಟರು ಬಿಟ್ಟು ಹೊರಗೆ ಯಾರಿಗೂ ತಲುಪುವುದೇ ಇಲ್ಲ. ನಮ್ಮನೆಯ ಕುರ್ಚಿಗೆ ಟವೆಲು ಹಾಕಿ ಬಂದು, ಬಸ್ಸಿನಲ್ಲಿ ಸೀಟು ಹಿಡಿದಿದ್ದೇನೆ ಎಂದುಕೊಂಡರೆ ಆಗುವುದೇ ಆಗುತ್ತದೆ. ಲಿಬ್ರೆಆಫೀಸಿನ ಆ ಚಿಕ್ಕ ಫೈಲನ್ನೂ ಯಾರಾದರೂ ಅಳಿಸಿದ್ದರೆ ಮುಗಿಯಿತು, ಎರಡು ಕಂಪ್ಯೂಟರುಗಳಲ್ಲಿ ಕೂತ ಇಬ್ಬರು ಒಂದೇ ಶೀಟಿಗೆ ಅಂಕ ತುಂಬುತ್ತಾರೆ, ಇಬ್ಬರಿಗೂ ‘ಸೇವ್ ಆಯಿತು’ ಎಂಬ ತೃಪ್ತಿ ಸಿಗುತ್ತದೆ, ಕೊನೆಗೆ ಸೇವ್ ಮಾಡಿದವರದ್ದು ಮಾತ್ರ ಉಳಿಯುತ್ತದೆ. ಬೈಗುಳ ಕೊಡುವ ದೋಷವನ್ನು ನಾನು ಸಹಿಸಿಕೊಳ್ಳುತ್ತೇನೆ; ಸುಮ್ಮನಿದ್ದು ಮಕ್ಕಳ ಅಂಕ ನುಂಗುವ ಸೌಕರ್ಯ ನನಗೆ ಬೇಡ. ಒಬ್ಬರೇ ಬಳಸುವ ಫೋಲ್ಡರಾದರೆ ನೋಲಾಕ್ ಹಾಕಲಿ, ನನ್ನ ತಕರಾರಿಲ್ಲ. ಶಿಷ್ಯನಿಗೆ ಹೀಗೆ ಹೇಳಿದಾಗ ಅವನು, ‘ಪ್ರಾಕ್ಟಿಕಲ್ಸಿನಲ್ಲೂ ನೀವು ಹೀಗೇ ಸಾರ್’ ಎಂದು ಫೋನಿಟ್ಟ.

ಎಲ್ಲ ತಹಬಂದಿಗೆ ಬಂತು ಎಂದುಕೊಂಡಾಗ ದಸರಾ ರಜೆ ಬಂತು, ಅದರ ಜೊತೆ ಇನ್ನೊಂದು ಲಾಕೂ ಬಂತು. ಈ ಸಲ ಟೈಮ್ ಟೇಬಲ್ ಫೈಲು. ಚಿಕ್ಕ ಫೈಲು ಅಳಿಸಿದರೂ ಲಾಕು ಹೋಗದು. ಸರ್ವರೇ ‘ಬೇರೆಯವರ ಕೈಲಿದೆ’ ಎನ್ನುತ್ತಿತ್ತು. ಯಾರ ಕೈಲಿ? ಸರ್ವರಿನಲ್ಲಿ ಲಾಕುಗಳ ಪಟ್ಟಿ ತೆಗೆದರೆ ಅದರಲ್ಲಿ ಫೈಲಿನ ಹೆಸರೂ ಇರುವುದಿಲ್ಲ, ಮನುಷ್ಯರ ಹೆಸರೂ ಇರುವುದಿಲ್ಲ. ಐನೋಡ್ ಎಂಬ ಉದ್ದನೆಯ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ಫೈಂಡ್ ಕಮಾಂಡಿನಿಂದ ಡಿಸ್ಕೆಲ್ಲ ಜಾಲಾಡಿದರೆ ಫೈಲಿನ ಹೆಸರು ಸಿಗುತ್ತದೆ. ಹಿಡಿದವರು ಯಾರೆಂದು ಊಹಿಸಲು ಸ್ಟ್ಯಾಟ್‌ಡಿ ತನ್ನ ಡೈರೆಕ್ಟರಿಯಲ್ಲಿ ಇಟ್ಟುಕೊಂಡಿರುವ ಹೆಸರುಗಳನ್ನು ನೋಡಬೇಕು. ಲಾಕು ಹಿಡಿದ ಒಂದೊಂದು ಯಂತ್ರಕ್ಕೂ ಅಲ್ಲಿ ಒಂದೊಂದು ಪುಟ್ಟ ಫೈಲು. ಪಟ್ಟಿಯಲ್ಲಿ ಅತಿಥಿ ಉಪನ್ಯಾಸಕರೊಬ್ಬರ ಲ್ಯಾಪ್‌ಟಾಪ್ ಇತ್ತು. ಅವರು ಟೈಮ್ ಟೇಬಲ್ ತೆರೆದಿಟ್ಟಿದ್ದ ಹಾಗೇ ಮುಚ್ಚಳ ಮುಚ್ಚಿ, ಬ್ಯಾಗಿಗೆ ಹಾಕಿ, ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಲ್ಯಾಪ್‌ಟಾಪ್ ಸತ್ತಿಲ್ಲ, ನಿದ್ದೆಯಲ್ಲಿದೆ. ಅದು ಸತ್ತು ಹುಟ್ಟಿದರೆ ತಾನೆ ಸ್ಟ್ಯಾಟ್‌ಡಿಗೆ ಸುದ್ದಿ? ಮೂರನೆಯ ಆವೃತ್ತಿಯ ಸರ್ವರು ಹಿಡಿದವರನ್ನು ‘ಇದ್ದೀರಾ?’ ಎಂದು ಕೇಳುವುದೇ ಇಲ್ಲ. ಟವೆಲು ಹಾಕಿದವರು ಕಾಫಿಗೆಂದು ಇಳಿದು ಊರು ಸೇರಿಕೊಂಡಿದ್ದರೂ ಸೀಟು ಕಾದೇ ಇರುತ್ತದೆ.

ಅವರಿಗೆ ಫೋನು ಮಾಡಿದೆ. ‘ಅಯ್ಯೋ ಸಾರ್, ಲ್ಯಾಪ್‌ಟಾಪನ್ನು ಆಯುಧಪೂಜೆಗೆ ಇಟ್ಟುಬಿಟ್ಟಿದೀವಿ, ಕುಂಕುಮ ಹಚ್ಚಿಯಾಗಿದೆ. ವಿಜಯದಶಮಿ ಆಗೋವರೆಗೂ ಅಮ್ಮ ಮುಟ್ಟೋಕೆ ಬಿಡಲ್ಲ.’ ಸರ್ವರಿನ ಲಾಕಿಗೂ ಅವರ ತಾಯಿಯವರ ಮಡಿಗೂ ಸ್ಪರ್ಧೆ ಬಿದ್ದರೆ ಗೆಲ್ಲುವುದು ಯಾವುದು ಎಂದು ನನಗೆ ಸಂಶಯವೇ ಇರಲಿಲ್ಲ. ಸರ್ವರಿನ ಲಾಕು ಸೇವೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ. ಹೀಗೆ ಮಾಡಿದಾಗ ನಡೆಯುವುದು ನೋಡಲು ಚೆಂದ. ಬಸ್ಸು ಕೆಟ್ಟು ಇನ್ನೊಂದು ಬಸ್ಸಿಗೆ ಹತ್ತಿಸುವಾಗ ಕಂಡಕ್ಟರು ‘ಮೊದಲು ಸೀಟಲ್ಲಿ ಕೂತಿದ್ದೋರು ಹತ್ತಿ, ನಿಂತಿದ್ದೋರು ಆಮೇಲೆ’ ಎನ್ನುವುದಿಲ್ಲವೇ? ಸರ್ವರೂ ಮೊದಲು ಲಾಕು ಹಿಡಿದಿದ್ದ ಯಂತ್ರಗಳಿಗೆಲ್ಲ ಸುದ್ದಿ ಕಳಿಸುತ್ತದೆ. ಸ್ವಲ್ಪ ಹೊತ್ತು ಅವರಿಗೆ ಮಾತ್ರ ಅವಕಾಶ, ತಮ್ಮ ತಮ್ಮ ಹಳೆಯ ಲಾಕನ್ನು ಮತ್ತೆ ಹೇಳಿಕೊಂಡು ಪಡೆಯಬಹುದು. ಹೊಸಬರು ಅಲ್ಲಿತನಕ ಕಾಯಬೇಕು. ಇದಕ್ಕೆ ಗ್ರೇಸ್ ಪೀರಿಯಡ್ ಎನ್ನುತ್ತಾರೆ. ಕುಂಕುಮ ಹಚ್ಚಿಕೊಂಡು ದೇವರ ಮುಂದೆ ಕೂತ ಲ್ಯಾಪ್‌ಟಾಪಿಗೆ ಕರೆ ತಲುಪಲಿಲ್ಲ. ಅದರ ಲಾಕು ಬಿದ್ದುಹೋಯಿತು.

ಈ ಪ್ರಸಂಗದ ನಂತರ ನಾನು ನಾಲ್ಕನೆಯ ಆವೃತ್ತಿಗೆ ಹೋಗಲೇಬೇಕೆಂದು ಪಟ್ಟು ಹಿಡಿದೆ. 2000ದಲ್ಲಿ ಮೊದಲು ಪ್ರಕಟವಾಗಿ, 2003ರಲ್ಲಿ ಪರಿಷ್ಕೃತವಾದ ಈ ಆವೃತ್ತಿಯಲ್ಲಿ ಹಳೆಯ ನಿರ್ಮಮತ್ವವನ್ನು ಕೈಬಿಟ್ಟಿದ್ದಾರೆ. ಗುಮಾಸ್ತರಿಬ್ಬರ ಕೆಲಸವೂ ಎನ್‌ಎಫ್‌ಎಸ್‌ನ ಒಳಗೇ ಬಂದಿದೆ. ಒಂದೇ ಪೋರ್ಟು, 2049. ಲಾಕು ಪಡೆದವರು ಆಗಾಗ ‘ಇದ್ದೇನೆ’ ಎಂದು ಹೇಳುತ್ತಿರಬೇಕು. ಲಿನಕ್ಸಿನ ಸರ್ವರಿನಲ್ಲಿ ರೂಢಿಯ ಗಡುವು 90 ಸೆಕೆಂಡು. ಅಷ್ಟರಲ್ಲಿ ಸದ್ದಿಲ್ಲದಿದ್ದರೆ ಹಿಡಿತ ಸಡಿಲವಾಗುತ್ತದೆ. 2022ರ 5.19ನೆಯ ಲಿನಕ್ಸಿನಿಂದೀಚೆಗೆ ಇನ್ನೊಂದು ಸೌಜನ್ಯ ಸೇರಿದೆ: ಗಡುವು ಮೀರಿದರೂ ಬೇರೆ ಯಾರೂ ಆ ಫೈಲನ್ನು ಕೇಳದಿದ್ದರೆ ಒಂದು ದಿನದತನಕ ಲಾಕನ್ನು ಹಾಗೇ ಉಳಿಸಿಕೊಡುತ್ತದೆ. ಕೇಳಿದರೆ ಮಾತ್ರ ಕಿತ್ತು ಕೊಡುತ್ತದೆ. ಇಷ್ಟು ಹದವಾದ ನಡವಳಿಕೆ ಕಂಡಕ್ಟರುಗಳಲ್ಲೂ ಅಪರೂಪ. ಇದನ್ನು ಬರೆದವರು ಯಾರೇ ಆಗಲಿ, ತುಂಬಿದ ಮನೆಯಲ್ಲಿ ಬೆಳೆದವರೇ ಇರಬೇಕು.

ಅದೇ ಹುಮ್ಮಸ್ಸಿನಲ್ಲಿ ಪ್ರಿನ್ಸಿಪಾಲರ ಮುಂದೆ ಇನ್ನೊಂದು ಪ್ರಸ್ತಾಪವನ್ನೂ ಇಟ್ಟೆ. ಕ್ಯೂಮೇಲ್ ಎಂಬ ಅಂಚೆ ತಂತ್ರಾಂಶ ಬರೆದ ಡ್ಯಾನ್ ಬರ್ನ್‌ಸ್ಟೀನ್ ಎಂಬ ಗಣಿತಜ್ಞ ಇದ್ದಾನೆ. ಆ ಕಾಲದಲ್ಲಿ ಒಬ್ಬರ ಮೇಲ್‌ಗಳೆಲ್ಲ ಒಂದೇ ಉದ್ದನೆಯ ಫೈಲಿನಲ್ಲಿ ಸೇರುತ್ತಿದ್ದವು. ಎನ್‌ಎಫ್‌ಎಸ್ ಮೇಲೆ ಅದಕ್ಕೆ ಲಾಕು ಹಾಕುವುದೇ ಒಂದು ತಲೆಬೇನೆ. ಅವನು ಲಾಕು ರಿಪೇರಿಗೇ ಹೋಗಲಿಲ್ಲ. ಮೇಲ್‌ಡಿರ್ ಎಂಬ ಪದ್ಧತಿ ಮಾಡಿದ: ಒಂದೊಂದು ಕಾಗದಕ್ಕೂ ಒಂದೊಂದು ಫೈಲು, ಬೇರೆ ಯಾವುದಕ್ಕೂ ಇರದಂಥ ಹೆಸರು, ಮೊದಲು ತಾತ್ಕಾಲಿಕ ಫೋಲ್ಡರಿನಲ್ಲಿ ಬರೆದು ಮುಗಿಸಿ ಆಮೇಲೆ ಹೊಸದರ ಫೋಲ್ಡರಿಗೆ ಸರಿಸುವುದು. ಇಬ್ಬರು ಒಂದೇ ಫೈಲಿಗೆ ಕೈ ಹಾಕುವ ಪ್ರಸಂಗವೇ ಬರದಿದ್ದರೆ ಲಾಕು ಯಾಕೆ? ‘ನಾವೂ ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಮಾರ್ಕ್ಸ್ ಫೈಲು ಮಾಡೋಣ ಸಾರ್, ಕೊನೆಗೆ ಒಟ್ಟುಗೂಡಿಸಿದರಾಯಿತು’ ಎಂದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. ‘ಅಲ್ರೀ, ಒಂದೇ ಶೀಟಾದ್ರೆ ಯಾರು ತುಂಬಿದ್ದಾರೆ, ಯಾರು ತುಂಬಿಲ್ಲ ಅಂತ ನನಗೆ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಅದಕ್ಕೇ ಅಲ್ವೇನ್ರೀ ಅದು ಇರೋದು?’ ಬರ್ನ್‌ಸ್ಟೀನನಿಗೆ ಇಂಥ ಪ್ರಿನ್ಸಿಪಾಲರು ಸಿಕ್ಕಿರಲಿಕ್ಕಿಲ್ಲ. ಶೀಟು ಒಂದೇ ಉಳಿಯಿತು.

ನಾಲ್ಕನೆಯ ಆವೃತ್ತಿ ಬಂದು ನೆಮ್ಮದಿಯಾಯಿತು, ಹಾಗೆಂದು ಎಲ್ಲ ರೋಗವೂ ವಾಸಿಯಾಗಲಿಲ್ಲ. ಬಿಸಿಎ ಹುಡುಗನೊಬ್ಬ ಹಾಜರಾತಿಯ ಪ್ರೋಗ್ರಾಮು ಬರೆದು, ಎಸ್‌ಕ್ಯೂಲೈಟ್ ಡೇಟಾಬೇಸನ್ನು ಸರ್ವರಿನ ಫೋಲ್ಡರಿನಲ್ಲಿಟ್ಟು, ನಾಲ್ಕು ಕಂಪ್ಯೂಟರಿನಿಂದ ಒಟ್ಟಿಗೆ ಓಡಿಸಿದ. ‘ಡೇಟಾಬೇಸ್ ಈಸ್ ಲಾಕ್ಡ್’ ಎಂದು ಅಳುತ್ತ ಬಂದ. ಎಸ್‌ಕ್ಯೂಲೈಟ್ ಬರೆದವರೇ ನೆಟ್‌ವರ್ಕಿನ ಮೇಲೆ ನಮ್ಮನ್ನು ಇಡಬೇಡಿ, ಅಲ್ಲಿನ ಲಾಕು ನಂಬುವ ಹಾಗಿಲ್ಲ ಎಂದು ಕೈಪಿಡಿಯಲ್ಲಿ ಎಚ್ಚರಿಸಿದ್ದಾರೆ. ಅದರ ಮೇಲೆ ಯೂನಿಕ್ಸಿನ ಹಳೆಯ ಲಾಕಿಗೆ ಒಂದು ವಿಚಿತ್ರ ಶಾಪವಿದೆ. ಒಂದೇ ಪ್ರೋಗ್ರಾಮು ಒಂದು ಫೈಲನ್ನು ಎರಡು ಕಡೆಯಿಂದ ತೆರೆದು, ಒಂದು ಕಡೆ ಮುಚ್ಚಿದರೂ ಸಾಕು, ಇನ್ನೊಂದು ಕಡೆ ಹಿಡಿದಿದ್ದ ಲಾಕೂ ಹಾರಿಹೋಗುತ್ತದೆ. ಇದಕ್ಕೆ ಲಿನಕ್ಸಿನಲ್ಲಿ ಬೇರೆ ಬಗೆಯ ಲಾಕು ಬಂದದ್ದೇ 2014ರಲ್ಲಿ. ಇದನ್ನೆಲ್ಲ ಹುಡುಗನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವನು ಡೇಟಾಬೇಸನ್ನು ಒಂದೇ ಕಂಪ್ಯೂಟರಿನ ಸ್ವಂತ ಡಿಸ್ಕಿಗೆ ಹಾಕಿ, ಉಳಿದ ಮೂರು ಅದನ್ನೇ ಕೇಳುವ ಹಾಗೆ ಮಾಡಿ, ಕ್ಯಾಂಟೀನಿಗೆ ಹೋಗಿದ್ದ.

ಈಗ ಉಳಿದಿರುವ ತೊಂದರೆ ಒಂದೇ, ಅದು ಕಂಪ್ಯೂಟರಿನದಲ್ಲ. ಕರೆಂಟು ಹೋಗಿ ಬಂದಾಗ ನಾಲ್ಕನೆಯ ಆವೃತ್ತಿಯ ಸರ್ವರೂ ಗ್ರೇಸ್ ಪೀರಿಯಡ್ ಇಟ್ಟುಕೊಳ್ಳುತ್ತದೆ, ಅದೂ 90 ಸೆಕೆಂಡು. ಹಳೆಯ ಯಂತ್ರಗಳೆಲ್ಲ ಬಂದು ಹಾಜರಿ ಹೇಳಿದರೆ ಬೇಗ ಮುಗಿಸುತ್ತದೆ, ಆದರೆ ಯಾರೋ ಒಬ್ಬರು ಕಂಪ್ಯೂಟರು ಆನ್ ಮಾಡದೆ ಮನೆಗೆ ಹೋಗಿರುತ್ತಾರೆ (ಕೆಮಿಸ್ಟ್ರಿಯವರು ಎಂದು ಬೇರೆ ಹೇಳಬೇಕಿಲ್ಲ), ಹಾಗಾಗಿ ನಮ್ಮಲ್ಲಿ ಪೂರ್ತಿ ಕಾಯುತ್ತದೆ. ಅಷ್ಟು ಹೊತ್ತು ಯಾರ ಫೈಲೂ ತೆರೆಯುವುದಿಲ್ಲ. ‘ಒಂದೂವರೆ ನಿಮಿಷ ಸುಮ್ಮನೆ ಕೂತಿರಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಆಫೀಸಿನಲ್ಲಿ ಅಂಟಿಸಿದ್ದೇನೆ. ಬಸ್ಸಿಗೆ ಮುಕ್ಕಾಲು ಗಂಟೆ ನಿಲ್ಲುವ ಜನ, ರೇಷನ್ನಿಗೆ ಅರ್ಧ ದಿನ ನಿಲ್ಲುವ ಜನ, ಪರದೆಯ ಮುಂದೆ ಒಂದು ನಿಮಿಷ ಆಗುವಷ್ಟರಲ್ಲಿ ಚಡಪಡಿಸುತ್ತಾರೆ. ಮೊನ್ನೆ ಕರೆಂಟು ಬಂದಾಗ ನಾನು ಗಡಿಯಾರ ನೋಡುತ್ತ ಮೇಡಂ ಪಕ್ಕದಲ್ಲೇ ನಿಂತಿದ್ದೆ. ಎಪ್ಪತ್ತು ಸೆಕೆಂಡು ಕಳೆದಿತ್ತು, ಎಪ್ಪತ್ತೈದು, ಎಂಬತ್ತು. ಅಷ್ಟರಲ್ಲಿ ಅಟೆಂಡರು ಕೇರಂ ಕೋಣೆಯ ಕಡೆಯಿಂದ ಕೈ ಒರೆಸಿಕೊಳ್ಳುತ್ತ ಬಂದ.

‘ಸರ್ವರ್ ಹ್ಯಾಂಗ್ ಆಗಿತ್ತು ಅಂತ ಕಾಣ್ಸುತ್ತೆ ಸಾರ್. ಆಫ್ ಮಾಡಿ ಆನ್ ಮಾಡಿದೀನಿ.’

ಮೇಡಂ ನನ್ನ ಮುಖ ನೋಡಿದರು. ನಾನು ಮತ್ತೆ ಒಂದರಿಂದ ಎಣಿಸತೊಡಗಿದೆ.